ಬರ್ಲಿ, ಬರ್ಲಿ

ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದಲ್ಲಿ ಯಾವ ಹೊತ್ತಿನಲ್ಲಿ ನಿಂತು ನೋಡಿದರೂ, ಹುಮನಾಬಾದಿಗೋ ಆಳಂದಕ್ಕೋ ಸೇಡಮಿಗೋ ಹೊರಟ ಬಸ್ಸೊಂದು ತಾನು ನಿಂತಿದ್ದ ಅಂಕಣದಿಂದ ಮೆಲ್ಲಮೆಲ್ಲನೆ ಹಿಂದಕ್ಕೆ ಸರಿಯುತ್ತಿರುವುದನ್ನೂ, ಅದರ ಬೆನ್ನಿನ ಕಡೆ ನಿಂತ ಕಂಡಕ್ಟರು ಅಂಗೈಯಿಂದ ತಗಡನ್ನು ತಟ್ಟುತ್ತ “ಬರ್ಲಿ, ಬರ್ಲಿ, ಇನ್ನಾ ಬರ್ಲಿ, ಹಾಂ… ಬಸ್!” ಎಂದು ಕೂಗುತ್ತಿರುವುದನ್ನೂ ಕಾಣಬಹುದು. ಆ ಕೊನೆಯ ‘ಬಸ್’ ಎಂಬುದು ಸಾಕು ಎಂಬರ್ಥದ ದಖನಿ ಮಾತು. ಕಲಬುರಗಿಯ ಕನ್ನಡ ಅದನ್ನು ತನ್ನದೆಂದೇ ಬಗೆದು ಎಷ್ಟೋ ತಲೆಮಾರು ಕಳೆದಿವೆ. ಚಾಲಕನ ಲೆಕ್ಕದಲ್ಲಿ ಈ ಚಲನೆಯ ಹೆಸರು ‘ರಿವರ್ಸ್’. “ರಿವರ್ಸ್ ತಗೋರಿ” ಎಂದೇ ಅವನಿಗೆ ಹೇಳುವುದು ವಾಡಿಕೆ. ಆದರೆ ಅದೇ ಚಲನೆ ಹಿಂದೆ ನಿಂತವನ ಬಾಯಲ್ಲಿ ‘ಬರಲಿ’ ಎಂದಾಗುವುದು. ಒಬ್ಬನು ಹಿಂದಕ್ಕೆ ಹೋಗುತ್ತಿರುವನೆಂದರೆ ಇನ್ನೊಬ್ಬನ ಕಡೆಗೆ ಬರುತ್ತಿರುವನೆಂದೇ ಅರ್ಥವಲ್ಲವೆ! ಹಿಂದು ಮುಂದುಗಳು ದಾರಿಯಲ್ಲಿ ಇರುವಂಥವಲ್ಲ, ನಿಂತವರ ಸ್ಥಾನದಿಂದ ಹುಟ್ಟುವಂಥವು ಎಂಬ ತತ್ತ್ವವನ್ನು ನಮ್ಮ ಬಸ್ ನಿಲ್ದಾಣದ ಜನ ಯಾವ ತರ್ಕಗ್ರಂಥದ ನೆರವೂ ಇಲ್ಲದೆ ದಿನಕ್ಕೆ ಅನೇಕಾವರ್ತಿ ಉಚ್ಚರಿಸುತ್ತಿದ್ದಾರೆ.

ರಿವರ್ಸ್ ಎಂಬ ಈ ಆಂಗ್ಲ ಶಬ್ದಕ್ಕೆ ನಮ್ಮ ನಿಘಂಟುಗಳು ‘ಹಿಮ್ಮುಖ ಚಲನೆ’ ಎಂಬ ಅರ್ಥವನ್ನು ಕೊಡುತ್ತವೆ. ನನಗೆ ಅದು ಪೂರ್ತಿ ಸಮರ್ಪಕವಾಗಿ ತೋರುವುದಿಲ್ಲ. ಹಿಂದಕ್ಕೆ ಸರಿಯುವ ಬಸ್ಸಿನ ಮುಖ ಎಂದೂ ಹಿಂದಕ್ಕೆ ತಿರುಗಿರುವುದಿಲ್ಲ. ಅದರ ದೀಪಗಳು, ಗಾಜು, ಊರಿನ ಹೆಸರು ಬರೆದ ಹಲಗೆ, ಚಾಲಕನ ಎದೆ ಎಲ್ಲವೂ ಇದ್ದಂತೆಯೇ ಮುಂದಕ್ಕೆ ನೆಟ್ಟಿರುವುವು, ಗಾಲಿಗಳು ಮಾತ್ರ ಹಿಂದಕ್ಕೆ ಉರುಳುವುವು. ಮುಖ ಮುಂದೆ, ನಡೆ ಹಿಂದೆ: ಇದೇ ರಿವರ್ಸಿನ ಜೀವಾಳ. ಬೀದರಿಗೆ ಹೋದ ಬಸ್ಸು ಸಂಜೆಗೆ ಕಲಬುರಗಿಗೆ ಬರುವುದಾದರೆ ಅದು ಮುಖವನ್ನೇ ತಿರುಗಿಸಿಕೊಂಡು ಬರುತ್ತದೆ. ಅದಕ್ಕೆ ‘ರಿಟರ್ನ್’ ಎಂಬ ಬೇರೆಯೇ ಮಾತುಂಟು, ಮತ್ತು ಅದನ್ನು ರಿವರ್ಸ್ ಎಂದು ಕರೆಯುವ ಹಳ್ಳಿಯವನು ಕೂಡ ಇಲ್ಲ. ಅಂಗಿಯ ಒಳಮೈ ಹೊರಗಾಗಿದ್ದರೆ, ಪಾತ್ರೆ ಬೋರಲಾಗಿದ್ದರೆ, ಒಪ್ಪಿದ ಮಾತಿಗೆ ಮನುಷ್ಯ ತಪ್ಪಿದರೆ ಅದು ‘ಉಲ್ಟಾ’. ಕೊಟ್ಟ ಹಣ, ಹೋದ ಮಗ, ಕಳಿಸಿದ ಕಾಗದ ಮರಳಿ ಬಂದರೆ ಅದು ‘ವಾಪಸ್’. ಮಾಡಿದ್ದನ್ನೇ ಮತ್ತೆ ಮಾಡಿದರೆ, ಹೋದ ದಾರಿಯಲ್ಲೇ ಬಂದರೆ, ತಿರುಗಿ ನೋಡಿದರೆ ಈ ಮೂರಕ್ಕೂ ನಮ್ಮ ಕಡೆ ಒಂದೇ ಅಚ್ಚಗನ್ನಡದ ಮಾತಿದೆ, ‘ಹೊಳ್ಳಿ’. ಹೊರಳಿ ಎಂಬುದೇ ನಾಲಗೆಯ ಮೇಲೆ ಸವೆದು ಹೊಳ್ಳಿಯಾಯಿತು. ಮರಳಿ ಎಂಬುದು ಮಳ್ಳಿಯಾಗಿ ಅದರ ಜೊತೆಗೂಡಿತು. ನಿಲ್ದಾಣದಲ್ಲಿ ಗಂಟು ಹೊತ್ತ ಮುದುಕಿ “ಈ ಮೋಟಾರ ಹೊಳ್ಳಿ ಯಾವಾಗ ಬರ್ತದೋ ಯಪ್ಪಾ?” ಎಂದು ಕೇಳುವಾಗ, ಸಂಸ್ಕೃತದ ಪುನರಾಗಮನವೂ ಪ್ರತ್ಯಾವರ್ತನೆಯೂ ಒಟ್ಟುಗೂಡಿ ಹೇಳಲಾಗದಷ್ಟು ಆತ್ಮೀಯತೆ ಆ ಎರಡಕ್ಷರದಲ್ಲಿ ತುಂಬಿರುತ್ತದೆ.

ಇಷ್ಟೊಂದು ಮಾತುಗಳಿರುವ ಸೀಮೆಗೆ ರಿವರ್ಸ್ ಏಕೆ ಬೇಕಾಯಿತು? ಮೋಟಾರು ಬಂತು, ಅದರೊಡನೆ ಮಾತೂ ಬಂತು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಮೋಟಾರಿನೊಡನೆ ಬಂದ ಎಲ್ಲ ಮಾತುಗಳೂ ಇಷ್ಟು ಗಟ್ಟಿಯಾಗಿ ನೆಲೆನಿಂತಿಲ್ಲ. ನನಗೆ ತೋರುವ ಕಾರಣ ಬೇರೆ. ಮುಖವನ್ನು ಮುಂದಕ್ಕಿಟ್ಟು ಹಿಂದಕ್ಕೆ ಹೆಜ್ಜೆಯಿಡುವುದಕ್ಕೆ ಕನ್ನಡದಲ್ಲಿ ಯಥಾರ್ಥವಾದ ಪದವೇ ಇತ್ತು: ಹಿಮ್ಮೆಟ್ಟು. ಹಿಂದಕ್ಕೆ ಮೆಟ್ಟು, ಅಷ್ಟೇ ಅದರ ಮೈಯರ್ಥ. ಆದರೆ ರಣರಂಗದ ವರ್ಣನೆಗಳಲ್ಲಿ ಬಳಕೆಯಾಗಿ ಬಳಕೆಯಾಗಿ ಅದಕ್ಕೆ ಸೋಲಿನ ಕಲೆ ಹತ್ತಿತು. ಇಂದು ಹಿಮ್ಮೆಟ್ಟಿದನೆಂದರೆ ಅಂಜಿದನೆಂದೇ ಜನ ತಿಳಿಯುವರು. ಹಿಂಜರಿ ಎಂಬುದು ಹಿಂದಕ್ಕೆ ಸರಿಯುವುದಾಗಿದ್ದದ್ದು ಮನಸ್ಸಿನ ಅಳುಕಾಯಿತು. ಹಿನ್ನಡೆ ಎಂಬ ಚೆಲುವಾದ ಸಮಾಸ, ಹಿಂದಕ್ಕೆ ನಡೆಯುವುದೆಂಬ ನಿರುಪದ್ರವಿಯಾದ ಅರ್ಥವನ್ನು ಕಳೆದುಕೊಂಡು ನ್ಯಾಯಾಲಯಗಳಲ್ಲಿಯೂ ಚುನಾವಣೆಗಳಲ್ಲಿಯೂ ಆಗುವ ನಷ್ಟದ ಹೆಸರಾಯಿತು. ಹಿಂದೇಟು, ಹಿಂಬೀಳು, ಹಿಂದುಮುಂದು ನೋಡು — ಎಣಿಸಿದಷ್ಟೂ ಹೀಗೆಯೇ. ಹಿಂದಕ್ಕೆ ಹೋಗುವುದನ್ನು ಹೇಳುವ ನಮ್ಮ ಮಾತುಗಳೆಲ್ಲ ಒಂದೊಂದಾಗಿ ಕಾಲಿನಿಂದ ಮನಸ್ಸಿಗೆ ಏರಿ, ಅಲ್ಲಿ ಅವಮಾನದ ಬಣ್ಣವನ್ನು ಪಡೆದುವು. ನಿಲ್ದಾಣದಿಂದ ಹೊರಬೀಳುವ ಚಾಲಕನಿಗೆ ‘ಹಿಮ್ಮೆಟ್ಟಿರಿ’ ಎಂದು ಹೇಳುವುದಾದರೂ ಹೇಗೆ? ಅವನು ಮಾಡುತ್ತಿರುವುದು ಪ್ರಯಾಣದ ಮೊದಲ ಹೆಜ್ಜೆ. ಹಿಂದಕ್ಕೆ ಸರಿಯದೆ ಅವನು ಮುಂದಕ್ಕೆ ಹೊರಡಲಾರ. ಆ ಹೆಜ್ಜೆಗೆ ಲಜ್ಜೆಯಿಲ್ಲದ ಒಂದು ಹೆಸರು ಬೇಕಾಗಿತ್ತು. ದೂರದಿಂದ ಬಂದ ರಿವರ್ಸಿಗೆ ನಮ್ಮ ಯುದ್ಧಗಳ ನೆನಪಿರಲಿಲ್ಲವಾದುದರಿಂದ ಅದು ನಿಷ್ಕಳಂಕವಾಗಿ ಸಲ್ಲುವಂತಾಯಿತು.

ಹಾಗೆಂದು ಹಿಂದಕ್ಕಿಡುವ ಹೆಜ್ಜೆಯ ಗೌರವವನ್ನು ನಮ್ಮ ಜನ ಅರಿಯದವರೆಂದು ಹೇಳಿದರೆ ತಪ್ಪಾದೀತು; ಮಾತು ಮರೆತದ್ದನ್ನು ಕಾಲುಗಳು ಮರೆತಿಲ್ಲ. ಶರಣಬಸವೇಶ್ವರರ ಗುಡಿಯಲ್ಲಿ ಗದ್ದುಗೆಯ ದರ್ಶನವಾದ ಮೇಲೆ ನಮ್ಮ ಹಳೆಯ ತಲೆಮಾರಿನ ಹೆಣ್ಣುಮಕ್ಕಳು ಥಟ್ಟನೆ ಬೆನ್ನು ತಿರುಗಿಸಿ ಹೊರಡುವುದಿಲ್ಲ. ಕೈಮುಗಿದಂತೆಯೇ, ಕಣ್ಣು ಗದ್ದುಗೆಯ ಮೇಲಿಟ್ಟಂತೆಯೇ, ನಾಲ್ಕಾರು ಹೆಜ್ಜೆ ಹಿಂದಕ್ಕೆ ಸರಿದು, ಹೊಸ್ತಿಲ ಬಳಿ ಬಂದಮೇಲೆಯೇ ತಿರುಗುವರು. ಊರಿನ ಇನ್ನೊಂದು ಪಾರ್ಶ್ವದಲ್ಲಿ, 1422ರಲ್ಲಿ ದೇಹವಿಟ್ಟ ಖ್ವಾಜಾ ಬಂದೇನವಾಜರ ದರ್ಗಾದಲ್ಲಿ, ಮಜಾರಿನ ಮುಂದೆ ತಲೆಬಾಗಿದವರೂ ಇದೇ ರೀತಿಯಲ್ಲಿ ಮುಖ ತಿರುಗಿಸದೆ ಹಿಂದೆ ಹಿಂದೆ ಸರಿದು ಬಾಗಿಲು ದಾಟುವುದನ್ನು ನೋಡಿದ್ದೇನೆ. ಎರಡು ಧರ್ಮ, ಎರಡು ಶಿಷ್ಟಾಚಾರ, ಎರಡು ಭಾಷೆಯ ಪ್ರಾರ್ಥನೆ. ಹೊರಬರುವ ನಡೆ ಮಾತ್ರ ಒಂದೇ. ಪೂಜ್ಯವಾದುದರಿಂದ ದೂರವಾಗಬೇಕಾದಾಗಲೂ ಅದರಿಂದ ವಿಮುಖನಾಗಬಾರದೆಂಬ ಭಾವವನ್ನು ಇದಕ್ಕಿಂತ ಸ್ಪಷ್ಟವಾಗಿ ಶರೀರ ಹೇಳಲಾರದು. ನಿಜವಾದ ಹಿಮ್ಮೆಟ್ಟುವಿಕೆ ಇದು, ಮತ್ತು ಇದರಲ್ಲಿ ಸೋಲಿನ ಸೋಂಕೂ ಇಲ್ಲ.

ಯಂತ್ರದ ಒಳಗೂ ಸಂಗತಿ ಹೀಗೆಯೇ ಇರುವುದನ್ನು ಒಬ್ಬ ಮಿಸ್ತ್ರಿ ನನಗೆ ಗೇರುಪೆಟ್ಟಿಗೆಯನ್ನು ಬಿಚ್ಚಿ ತೋರಿಸಿದನು. ಬಸ್ಸು ಹಿಂದಕ್ಕೆ ಹೋಗುವಾಗ ಎಂಜಿನ್ನು ಹಿಂದಕ್ಕೆ ತಿರುಗುವುದೆಂದು ಬಹುಮಂದಿ ಭಾವಿಸಿರುತ್ತಾರೆ, ಅದು ಹಾಗಿಲ್ಲ. ಎಂಜಿನ್ನು ಸದಾ ಒಂದೇ ಕಡೆಗೆ ಸುತ್ತುತ್ತಿರುತ್ತದೆ. ಹಲ್ಲಿನ ಚಕ್ರಗಳೆರಡು ಒಂದಕ್ಕೊಂದು ಕಚ್ಚಿಕೊಂಡು ತಿರುಗಿದರೆ ಅವು ಪರಸ್ಪರ ವಿರುದ್ಧ ದಿಕ್ಕಿಗೆ ಸುತ್ತುವುವಾದುದರಿಂದ, ಎಂಜಿನ್ನಿನ ಸುತ್ತು ಪೆಟ್ಟಿಗೆಯೊಳಗಿನ ಪಕ್ಕದ ದಂಡಕ್ಕೆ ಬಂದಾಗ ಒಮ್ಮೆ ವಿಲೋಮವಾಗಿ, ಅಲ್ಲಿಂದ ಗಾಲಿಯ ಕಡೆಯ ದಂಡಕ್ಕೆ ಸಾಗುವಾಗ ಮತ್ತೊಮ್ಮೆ ವಿಲೋಮವಾಗಿ, ಹೀಗೆ ಎರಡು ಸಲ ತಿರುವುಮುರುವಾದ ಮೇಲೆ ಬಸ್ಸು ಮುಂದಕ್ಕೆ ಹೋಗುತ್ತದೆ. ರಿವರ್ಸಿಗೆ ಮಾಡುವ ಉಪಾಯವೇನೆಂದರೆ ಆ ಎರಡು ದಂಡಗಳ ನಡುವೆ ಇನ್ನೊಂದು ಪುಟ್ಟ ಚಕ್ರವನ್ನು ತಂದು ನಿಲ್ಲಿಸುವುದು; ಆಗ ತಿರುವುಗಳು ಮೂರಾಗಿ ಗಾಲಿ ಹಿಂದಕ್ಕೆ ಉರುಳುವುದು. ಮುಂದಕ್ಕೆ ಹೋಗುವ ನಡೆಯೊಳಗೂ ಎರಡು ರಿವರ್ಸುಗಳು ಅಡಗಿವೆಯೆಂಬ ಈ ವಿಷಯ ನನ್ನಲ್ಲಿ ಉಂಟುಮಾಡಿದ ಸಂತೋಷ ಬಹುಕಾಲ ಉಳಿಯಿತು. ಹಿಂದಕ್ಕೆ ಸರಿಯುವಾಗ ಗಾಡಿಗಳು ಮಾಡುವ ಆ ವಿಶಿಷ್ಟವಾದ ಕೊರಗಿನ ದನಿಗೂ ಕಾರಣವುಂಟು: ಇತರ ಗೇರುಗಳ ಹಲ್ಲುಗಳನ್ನು ಓರೆಯಾಗಿ ಕೊರೆದಿದ್ದರೆ, ರಿವರ್ಸಿನ ಚಕ್ರಗಳ ಹಲ್ಲುಗಳನ್ನು ಬಹಳ ಗಾಡಿಗಳಲ್ಲಿ ನೇರವಾಗಿಯೇ ಕೊರೆದಿರುತ್ತಾರೆ.

ರಿವರ್ಸ್ ಎಂಬ ಶಬ್ದದ ಮೂಲವನ್ನು ಹುಡುಕುತ್ತ ಹೋದರೆ ಅದು ನಮಗೆ ಅಪರಿಚಿತವಾದ ಮನೆತನದ್ದೇನೂ ಅಲ್ಲವೆಂದು ತಿಳಿಯುತ್ತದೆ. ಲ್ಯಾಟಿನ್ನಿನ ‘ವೆರ್ತೆರೆ’, ಎಂದರೆ ತಿರುಗು, ತಿರುಗಿಸು, ಎಂಬ ಧಾತುವಿಗೆ ‘ರೆ’ ಎಂಬ ಉಪಸರ್ಗ ಸೇರಿ ರಿವರ್ಸ್ ಹುಟ್ಟಿತು. ಸಂಸ್ಕೃತದ ‘ವೃತ್’ ಧಾತು ಆ ‘ವೆರ್ತೆರೆ’ಗೆ ಒಡಹುಟ್ಟು. ವರ್ತುಲ, ಆವರ್ತ, ಪರಿವರ್ತನೆ, ಪ್ರವೃತ್ತಿ, ನಿವೃತ್ತಿ ಎಲ್ಲವೂ ಆ ಧಾತುವಿನ ಸಂತಾನ. ಕಛೇರಿಯಿಂದ ನಿವೃತ್ತರಾದವರು ವ್ಯುತ್ಪತ್ತಿಯ ದೃಷ್ಟಿಯಿಂದ ರಿವರ್ಸಿನ ದಾಯಾದಿಗಳು. ಇನ್ನೂ ಸ್ವಾರಸ್ಯವಾದುದು ಪದ್ಯದ ಹೆಸರು. ಆಂಗ್ಲರು ಪದ್ಯಕ್ಕೆ ಹೇಳುವ ‘ವರ್ಸ್’ ಎಂಬುದು ನೇಗಿಲು ಹೊಲದ ಕೊನೆಯನ್ನು ಮುಟ್ಟಿ ತಿರುಗುವುದರಿಂದ, ಆ ತಿರುಗಿನಿಂದಾದ ಉಳುಮೆಯ ಗೆರೆಯಿಂದ ಬಂದದ್ದು, ನಮ್ಮ ಛಂದಸ್ಸಿನ ‘ವೃತ್ತ’ವೂ ತಿರುಗುವ ಅದೇ ಧಾತುವಿನಿಂದ ಬಂದದ್ದು, ಕನ್ನಡದ ‘ಸಾಲು’ ಎಂಬ ಮಾತಂತೂ ಯಾವ ಲ್ಯಾಟಿನ್ನಿನ ಹಂಗೂ ಇಲ್ಲದೆ ಉಳುಮೆಯ ಗೆರೆಗೂ ಬರವಣಿಗೆಯ ಪಂಕ್ತಿಗೂ ಸಮನಾಗಿ ಸಲ್ಲುತ್ತದೆ. ತೊಗರಿಯ ಹೊಲಗಳಲ್ಲಿ ರಂಟೆ ಹೊಡೆಯುವ ನಮ್ಮ ರೈತನ ಎತ್ತುಗಳು ಬದುವಿನ ಹತ್ತಿರ ಹೊರಳಿ, ಬಂದ ದಿಕ್ಕಿಗೇ ಇನ್ನೊಂದು ಸಾಲು ಹಿಡಿಯುವುದನ್ನು ನೋಡಿದವರಿಗೆ, ಎಡದಿಂದ ಬಲಕ್ಕೆ ಒಂದು ಪಂಕ್ತಿ, ಬಲದಿಂದ ಎಡಕ್ಕೆ ಮುಂದಿನ ಪಂಕ್ತಿ, ಹೀಗೆ ಬರೆಯುತ್ತಿದ್ದ ಪ್ರಾಚೀನ ಗ್ರೀಕರ ಪದ್ಧತಿ ವಿಚಿತ್ರವೆನಿಸಲಾರದು. ಎತ್ತು ಹೊರಳುವಂತೆ ಎಂಬುದೇ ಅವರು ಆ ಬರವಣಿಗೆಗೆ ಕೊಟ್ಟ ಹೆಸರು.

ಗ್ರೀಸಿನವರೆಗೆ ಹೋಗಬೇಕಾದುದೂ ಇಲ್ಲ. ಆಂಧ್ರದ ಎರ್ರಗುಡಿಯಲ್ಲಿರುವ ಅಶೋಕನ ಲಘು ಶಿಲಾಶಾಸನದಲ್ಲಿ ಕೆಲವು ಸಾಲುಗಳು ಹೀಗೆಯೇ ಹೊರಳಿ ಹೊರಳಿ ಬರೆಯಲ್ಪಟ್ಟಿವೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನವನ್ನು ಬರೆದ ಚಪಡನೆಂಬ ಲಿಪಿಕಾರನು ಇಡೀ ಶಾಸನವನ್ನು ಎಡದಿಂದ ಬಲಕ್ಕೆ ನಡೆಯುವ ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ತನ್ನ ವೃತ್ತಿಯನ್ನು ಹೇಳುವ ಒಂದು ಪದವನ್ನು ಮಾತ್ರ ಬಲದಿಂದ ಎಡಕ್ಕೆ ನಡೆಯುವ ಖರೋಷ್ಠಿಯಲ್ಲಿ ಬರೆದನು. ವಾಯವ್ಯದ ಗಾಂಧಾರ ಸೀಮೆಯ ಲಿಪಿಯನ್ನು ಇಷ್ಟು ದಕ್ಷಿಣಕ್ಕೆ ತಂದ ಆತನು ಆ ಒಂದು ಪದದಲ್ಲಿ ತನ್ನ ವಿದ್ಯೆಯನ್ನು ಮೆರೆಯಿಸಿದನೋ, ತನ್ನ ನಾಡನ್ನು ನೆನೆದನೋ, ಅಂತೂ ಕನ್ನಡ ನೆಲದ ಮೊದಮೊದಲ ಬರಹಗಳಲ್ಲಿಯೇ ಎರಡು ದಿಕ್ಕುಗಳು ಒಂದೇ ಬಂಡೆಯ ಮೇಲೆ ಸಂಧಿಸಿದುವು. ನಮ್ಮ ಜಿಲ್ಲೆಯ ಭೀಮಾತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದಲ್ಲಿ ದೇವಿಯ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂಬುದು 1980ರ ದಶಕದ ಕೊನೆಯಲ್ಲಿ ತಿಳಿದುಬಂದಾಗ, ಆ ಕಲ್ಲಿನ ಎರಡು ಮೈಗಳಲ್ಲಿಯೂ ಬರಹವಿರುವುದು ಕಂಡಿತು. ಒಂದು ಮೈಯನ್ನು ಓದಿದವನು ಹಿಂದುಗಡೆಗೆ ಹೋಗದೆ ಮುಂದಿನದನ್ನು ಓದಲಾರ.

ಎರಡು ದಿಕ್ಕಿನ ಬರವಣಿಗೆ ಕಲಬುರಗಿಗೆ ಶಾಸನಗಳಲ್ಲಿ ಮುಗಿದ ವಿಷಯವಲ್ಲ. 1347ರಲ್ಲಿ ಬಹಮನಿ ರಾಜ್ಯ ಇಲ್ಲಿ ನೆಲೆಯೂರಿದಂದಿನಿಂದ ಪಾರಸಿಯೂ, ಅನಂತರ ದಖನಿ ಉರ್ದುವೂ ಈ ಊರಿನ ಬೀದಿಗಳಲ್ಲಿ ಬಲದಿಂದ ಎಡಕ್ಕೆ ನಡೆದಿವೆ; ಕನ್ನಡ ಎಡದಿಂದ ಬಲಕ್ಕೆ ನಡೆದಿದೆ. ಇಂದಿಗೂ ಹಳೆಯ ಪೇಟೆಯ ಅಂಗಡಿಯ ಒಂದೇ ಹಲಗೆಯ ಮೇಲೆ ಎರಡು ಲಿಪಿಗಳು ಎದುರುಬದುರು ಬಂದು ನಡುವೆ ಭೇಟಿಯಾಗುವುದುಂಟು. 1948ರ ಸೆಪ್ಟೆಂಬರ್ 17ರವರೆಗೆ ಈ ಸೀಮೆ ನಿಜಾಮರ ಆಳಿಕೆಯಲ್ಲಿದ್ದು, ಕಛೇರಿಯ ಭಾಷೆಯೂ ಮೇಲಿನ ವಿದ್ಯೆಯ ಭಾಷೆಯೂ ಉರ್ದುವಾಗಿದ್ದುದರಿಂದ, ಮನೆಯಲ್ಲಿ ಕನ್ನಡವಾಡುವ ಮಕ್ಕಳು ಶಾಲೆಯಲ್ಲಿ ಉರ್ದುವಿನಲ್ಲಿ ಗಣಿತ ಭೂಗೋಳಗಳನ್ನು ಕಲಿತರು. ನಮ್ಮ ಮನೆಯ ಹಿರಿಯರೊಬ್ಬರ ಒಂದು ದಪ್ಪ ವಹಿಯನ್ನು ನಾನು ಚಿಕ್ಕಂದಿನಿಂದ ನೋಡುತ್ತ ಬಂದವನು. ಅದರ ಒಂದು ರಟ್ಟಿನಿಂದ ತೆರೆದರೆ ಜಮೀನಿನ ಲೆಕ್ಕ, ಕೊಟ್ಟದ್ದು ತಂದದ್ದು, ಕೋರ್ಟಿನ ತಾರೀಖುಗಳು, ಎಲ್ಲ ಉರ್ದುವಿನಲ್ಲಿ. ಇನ್ನೊಂದು ರಟ್ಟಿನಿಂದ ತೆರೆದರೆ ವಚನಗಳು, ತತ್ತ್ವಪದಗಳು, ಮನೆಮದ್ದಿನ ವಿವರಗಳು, ಎಲ್ಲ ಕನ್ನಡದಲ್ಲಿ. ಎರಡಕ್ಕೂ ಅದು ಮೊದಲ ಪುಟವೇ. ಯಾವುದನ್ನೂ ಹಿಂಬದಿಯೆಂದು ಕರೆಯಲು ಬರುವಂತಿರಲಿಲ್ಲ. ವ್ಯವಹಾರವೂ ಪರಮಾರ್ಥವೂ ಎರಡು ತುದಿಗಳಿಂದ ಹೊರಟು ವಹಿಯ ನಡುವಣ ಕೆಲವು ಖಾಲಿ ಹಾಳೆಗಳ ಕಡೆಗೆ ಬರುತ್ತಿದ್ದುವು. ಉರ್ದು ಪುಸ್ತಕವನ್ನು ‘ಉಲ್ಟಾ ಪುಸ್ತಕ’ವೆಂದು ನಾವು ಹುಡುಗರು ಅಂದಾಗ ಅವರು ಗದರಿಸದೆ, “ಅದರ ಮನಿಗಿ ಹೋಗಿ ನಿಂತು ನೋಡು ತಮ್ಮಾ, ಆಗ ನಿನ್ನ ಪುಸ್ತಕ ಉಲ್ಟಾ ಕಾಣ್ತದ” ಎಂದು ಹೇಳಿದರು. ಅವರಿಗೆ ಎರಡು ಲಿಪಿಗಳೂ ಸ್ವಂತವಾಗಿದ್ದುವಾದ್ದರಿಂದ ಯಾವುದೂ ಉಲ್ಟಾ ಆಗಿರಲಿಲ್ಲ.

ಈ ವಹಿಯ ಉರ್ದು ಭಾಗದಲ್ಲಿ ನನಗೆ ಆಮೇಲೆ ತಿಳಿದ ಒಂದು ಚಮತ್ಕಾರವಿದೆ. ಅಕ್ಷರಗಳು ಬಲದಿಂದ ಎಡಕ್ಕೆ ಸಾಗುತ್ತಿರುವಾಗ, ನಡುವೆ ಒಂದು ಮೊತ್ತವನ್ನು ಬರೆಯಬೇಕಾದರೆ ಲೇಖನಿ ಅಷ್ಟು ಜಾಗವನ್ನು ಹಾರಿ ಹೋಗಿ, ಅಂಕಿಗಳನ್ನು ಎಡದಿಂದ ಬಲಕ್ಕೆ ಬರೆದು, ಮತ್ತೆ ಅಕ್ಷರಗಳ ದಾರಿಯನ್ನು ಹಿಡಿಯುತ್ತದೆ. ನಮ್ಮ ಸಂಸ್ಕೃತ ಜ್ಯೋತಿಷಿಗಳು ಮಾಡುತ್ತಿದ್ದುದು ಇದರ ಪ್ರತಿಬಿಂಬ: ಅಕ್ಷರಗಳು ಎಡದಿಂದ ಬಲಕ್ಕೆ, ಆದರೆ ವರ್ಷವನ್ನು ಪದಗಳಲ್ಲಿ ಸೂಚಿಸಿದಾಗ ಅಂಕಿಗಳ ಗತಿ ಎಡಕ್ಕೆ. ಗ್ರಹ, ಋತು, ಕರ, ಭೂಮಿ ಎಂದು ಬರೆದಿದ್ದರೆ ಒಂಬತ್ತು, ಆರು, ಎರಡು, ಒಂದು ಎಂದು ಎಣಿಸಿ, ಅದನ್ನು ಹಿಂದುಮುಂದಾಗಿ ಬರೆದಾಗಲೇ 1269 ಎಂಬ ಶಕವರ್ಷ ಸಿಗುವುದು. ಬಹಮನಿ ರಾಜ್ಯ ಹುಟ್ಟಿದ ವರ್ಷವೇ ಅದು. ಹೀಗೆ ಮೌಲ್ವಿಯ ಲೇಖನಿಯೂ ಜೋಯಿಸರ ಓದೂ ಸಂಖ್ಯೆ ಬಂದ ಕೂಡಲೆ ತಮ್ಮ ತಮ್ಮ ದಿಕ್ಕನ್ನು ಬಿಟ್ಟು ಪರಸ್ಪರರ ದಿಕ್ಕನ್ನು ಹಿಡಿಯುತ್ತಿದ್ದುವು. ಒಂದೇ ಊರಿನಲ್ಲಿ ಶತಮಾನಗಳ ಕಾಲ ಇದ್ದ ಈ ಎರಡು ವಿದ್ಯೆಗಳ ಅಕ್ಕಪಕ್ಕದ ನಡೆಯನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯೆನಿಸುತ್ತದೆ.

ಸಂಖ್ಯೆಗಳ ಹಿಂದುಮುಂದಿನ ಸೊಗಸನ್ನು ಕಂಡವರಲ್ಲಿ ಅಗ್ರಗಣ್ಯನಾದವನು ನಮ್ಮ ಸೀಮೆಯ ಅರಸನ ಆಶ್ರಯದವನೇ. ಇಂದು ಸೇಡಂ ತಾಲ್ಲೂಕಿನ ಮಳಖೇಡವಾಗಿರುವ ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನನ್ನು ತನ್ನ ಗ್ರಂಥದ ಆದಿಯಲ್ಲಿ ಸ್ತುತಿಸಿದ ಮಹಾವೀರಾಚಾರ್ಯನು, ಒಂಬತ್ತನೆಯ ಶತಮಾನದ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಗುಣಾಕಾರವನ್ನು ಕಲಿಸುವಾಗ, ಯಾವ ಕಡೆಯಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಕೊಟ್ಟು ಅವುಗಳನ್ನು ಕಂಠಾಭರಣಗಳಿಗೆ ಹೋಲಿಸಿದನು. 139ನ್ನು 109ರಿಂದ ಗುಣಿಸಿದರೆ 15151. 27994681ನ್ನು 441ರಿಂದ ಗುಣಿಸಿದರೆ 12345654321, ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಸಂಖ್ಯೆ. ಸಾವಿರ ವರ್ಷಗಳಾಚೆಯ ಶಿಷ್ಯನೊಬ್ಬನು ಆ ಲೆಕ್ಕವನ್ನು ಬಿಡಿಸಿ, ಉತ್ತರವನ್ನು ಕಂಡು ಮುಖ ಅರಳಿಸಿದ್ದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ನಮ್ಮ ಗಣಿತಜ್ಞರಿಗೆ ವಿಲೋಮವೆಂಬುದು ಒಂದು ವಿಧಾನವೂ ಆಗಿತ್ತು. ಆರ್ಯಭಟನೂ, ಭಾಸ್ಕರನ ‘ಲೀಲಾವತಿ’ಯೂ ಹೇಳುವ ಆ ವಿಧಾನದಲ್ಲಿ, ಕೊನೆಯ ಫಲ ತಿಳಿದಿದ್ದು ಮೊದಲಿನ ಸಂಖ್ಯೆ ತಿಳಿಯದಿದ್ದಾಗ, ಫಲದಿಂದ ಹೊರಟು ಹಿಂದಕ್ಕೆ ನಡೆಯಬೇಕು, ಗುಣಿಸಿದಲ್ಲಿ ಭಾಗಿಸಬೇಕು, ಕೂಡಿದಲ್ಲಿ ಕಳೆಯಬೇಕು. ಯಾವುದೋ ಸಂಖ್ಯೆಯನ್ನು 5ರಿಂದ ಗುಣಿಸಿ, 7ನ್ನು ಕೂಡಿಸಿ, ಅರ್ಧ ಮಾಡಿದಾಗ 16 ಬಂತೆಂದರೆ, 16ನ್ನು ಇಮ್ಮಡಿಸಿ 32, ಅದರಲ್ಲಿ 7 ಕಳೆದು 25, ಅದನ್ನು 5ರಿಂದ ಭಾಗಿಸಿ 5. ಹಿಂದಕ್ಕೆ ಹೋಗದೆ ಸತ್ಯ ಸಿಗದ ಸಂದರ್ಭಗಳಿಗಾಗಿಯೇ ರಚಿತವಾದ ಗಣಿತ ಇದು.

ಮಾತುಗಳನ್ನು ಹಿಂದುಮುಂದು ಮಾಡುವ ಆಟ ಮಕ್ಕಳಿಗೂ ಪಂಡಿತರಿಗೂ ಸಮಾನವಾಗಿ ಪ್ರಿಯ. ‘ಕುಬೇರನಿಗೇನಿರಬೇಕು’ ಎಂದು ಹುಡುಗರು ಸವಾಲು ಹಾಕುತ್ತಾರೆ. ವೆಂಕಟಾಧ್ವರಿಯು ಮುಂದಿನಿಂದ ಓದಿದರೆ ರಾಮನ ಕಥೆಯೂ ಹಿಂದಿನಿಂದ ಓದಿದರೆ ಕೃಷ್ಣನ ಕಥೆಯೂ ಆಗುವಂತೆ ‘ರಾಘವಯಾದವೀಯ’ವನ್ನು ರಚಿಸುತ್ತಾನೆ. ಅರ್ಥವನ್ನೇ ಬುಡಮೇಲು ಮಾಡುವವರು ಇನ್ನೊಂದು ಬಗೆಯವರು. ಕೋಳಿಯು ಕೋಡಗವನ್ನು ನುಂಗುವ ಶರೀಫರ ಪದ, ಅಲ್ಲಮನ ಬೆಡಗು, ಉತ್ತರದಲ್ಲಿ ಕಬೀರರ ವಿಪರೀತ ವಾಣಿ ಇವೆಲ್ಲ ಆ ಗೋತ್ರಕ್ಕೆ ಸೇರಿದುವು. ನಮ್ಮ ಜಿಲ್ಲೆಯ ಕಡಕೋಳದ ಮಡಿವಾಳಪ್ಪನವರ ಪರಂಪರೆಯ ತತ್ತ್ವಪದಗಳನ್ನು ಹಾಡುವವರ ಮಧ್ಯೆ ಬೆಳೆದವರಿಗೆ, ಲೋಕ ತಲೆಕೆಳಗಾಗಿ ಕಂಡಾಗಲೇ ಸರಿಯಾಗಿ ಕಂಡೀತೆಂಬ ಮಾತು ಹೊಸದಾಗಿ ಕೇಳಿಸುವುದಿಲ್ಲ.

ಇಂಥ ತಿರುವನ್ನು ಮಾತಿನಲ್ಲಷ್ಟೇ ಅಲ್ಲ, ಗಿಡದ ಮೇಲೂ ಕಾಣಬಹುದು. ಕಲಬುರಗಿಯಿಂದ ಹುಮನಾಬಾದಿನ ರಸ್ತೆಯಲ್ಲಿ ಸುಮಾರು ಮೂವತ್ತೈದು ಕಿಲೋಮೀಟರು ಹೋದರೆ ಕಮಲಾಪುರ. ಹಂಪೆಯ ಪಕ್ಕದ ಕಮಲಾಪುರವೇ ಹೊರಗಿನವರಿಗೆ ಹೆಚ್ಚು ಪರಿಚಿತ. ಈಚೆಗೆ ತಾಲ್ಲೂಕು ಕೇಂದ್ರವಾದ ನಮ್ಮ ಕಮಲಾಪುರ ತನ್ನ ಕೆಂಪು ಬಾಳೆಯಿಂದ ಪ್ರಸಿದ್ಧವಾಗಿ, ಆ ಹಣ್ಣಿಗೆ ಭೌಗೋಳಿಕ ಸೂಚನೆಯ ಮಾನ್ಯತೆಯನ್ನೂ ಪಡೆದಿದೆ. 2017ರಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ಪೂರ್ತಿಯಾಗುವವರೆಗೆ ಈ ಕಡೆಯವರಿಗೆಲ್ಲ ರಸ್ತೆಯೇ ಗತಿಯಾಗಿತ್ತು, ಇಂದಿಗೂ ಹೆಚ್ಚಿನವರು ಅದನ್ನೇ ನೆಚ್ಚಿದ್ದಾರೆ. ಕಪ್ಪು ಎರೆಯ ಬಯಲು ಮುಗಿದು, ನೆಲ ಏರಿಳಿಯತೊಡಗಿ, ಮಣ್ಣು ಕೆಂಪಾಗುವಲ್ಲಿ ರಸ್ತೆಯ ಬದಿಗೆ ಹೆಣ್ಣುಮಕ್ಕಳು ಕೆಂಪು ಬಾಳೆಯ ಚಿಪ್ಪುಗಳನ್ನು ಇಟ್ಟುಕೊಂಡು ಕುಳಿತಿರುತ್ತಾರೆ. ಇತರ ಬಾಳೆಗೆ ವರ್ಷ ಸಾಕಾದರೆ ಇದು ಕಟಾವಿಗೆ ಬರಲು ಒಂದೂವರೆ ವರ್ಷದಷ್ಟು ಕಾಯಬೇಕು. ಆದುದರಿಂದ ಬೆಲೆಯೂ ಹೆಚ್ಚು, ಬೆಳೆಯುವವನ ತಾಳ್ಮೆಯ ಪರೀಕ್ಷೆಯೂ ಹೆಚ್ಚು.

ಅಲ್ಲಿನ ತೋಟವೊಂದರಲ್ಲಿ ಗೊನೆಯ ಕೆಳಗೆ ನಿಂತು ನಾನು ಬಹಳ ಹೊತ್ತು ನೋಡಿದ್ದೇನೆ. ಬಾಳೆಯ ಹೂ ತನ್ನ ಭಾರದಿಂದ ನೆಲದ ಕಡೆಗೆ ಬಾಗಿ ಇಳಿಯುತ್ತದೆ. ಅದರ ಕೆಂಪು ಹೊದಿಕೆಗಳು ಒಂದೊಂದಾಗಿ ಎತ್ತಿಕೊಂಡಾಗ ಕಾಣುವ ಎಳೆಗಾಯಿಗಳು ಮೊದಲು ಕೆಳಮುಖವಾಗಿಯೇ ಇರುತ್ತವೆ. ಆಮೇಲೆ ದಿನಗಳುರುಳಿದಂತೆ, ಗೊನೆ ಕೆಳಕ್ಕೆ ಇಳಿಯುತ್ತಿರುವಾಗಲೇ, ಕಾಯಿಗಳು ತಮ್ಮ ದಿಕ್ಕನ್ನು ಬದಲಿಸಿ ಮೇಲಕ್ಕೆ ಬಾಗತೊಡಗುತ್ತವೆ. ಭೂಮಿ ಸೆಳೆಯುವ ದಿಕ್ಕಿಗೆ ಎದುರಾಗಿ ಬೆಳೆಯುವುದು ಅವುಗಳ ಸ್ವಭಾವ. ಬಾಳೆಹಣ್ಣಿನ ಆ ಸುಪರಿಚಿತವಾದ ಡೊಂಕು ಈ ತಿರುವಿನ ಗುರುತು. ತೋಟದ ಯಜಮಾನ “ನೆಟ್ಟಗ ಕೆಳಗೇ ಬೆಳೆದಿದ್ರ ಬಾಳಿಗಿ ಈ ರೂಪ ಎಲ್ಲಿಂದ ಬರ್ಬೇಕ್ರೀ?” ಎಂದು ಕೇಳಿದ. ಅವನು ರಿವರ್ಸ್ ಎಂಬ ಮಾತನ್ನು ಎಲ್ಲಿಯೂ ಬಳಸಲಿಲ್ಲ. ಕಾಯಿ ‘ಹೊಳ್ಳತದ’ ಎಂದಷ್ಟೇ ಹೇಳಿದ. ನಮ್ಮ ನಿಘಂಟುಕಾರರು ಈ ಹೊಳ್ಳುವಿಕೆಯನ್ನು ಆಡುಮಾತೆಂದು ಕಡೆಗಣಿಸದೆ ತಮ್ಮ ಪುಟಗಳಿಗೆ ಸೇರಿಸಿ, ಪಠ್ಯಪುಸ್ತಕ ಬರೆಯುವವರಿಗೂ ಕೊಟ್ಟರೆ, ಸೋಲಿನ ಕಲೆಯಿಲ್ಲದ ಒಂದು ಕನ್ನಡ ಪದ ನಮಗೆ ಉಳಿಯುತ್ತದೆಂಬುದು ನನ್ನ ದೃಢವಾದ ನಂಬಿಕೆ.

ಏಕೆಂದರೆ ಈ ಸೀಮೆಯ ಮೇಲೆ ಹಿಂದಿನ ದಿಕ್ಕಿನ ಒಂದು ಪದವನ್ನು ಎಷ್ಟೋ ವರ್ಷಗಳಿಂದ ಹೊರಿಸಿ ಇಡಲಾಗಿದೆ, ಮತ್ತು ಅದರ ಭಾರವನ್ನು ನಾನು ಬಲ್ಲೆ. ಹಿಂದುಳಿದ ಎಂಬುದೇ ಆ ಪದ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಪ್ರಾದೇಶಿಕ ಅಸಮತೋಲನದ ವರದಿಯನ್ನು ಕೊಟ್ಟಾಗ ತಾಲ್ಲೂಕುಗಳನ್ನು ಹಿಂದುಳಿದ, ಅತಿ ಹಿಂದುಳಿದ, ಅತ್ಯಂತ ಹಿಂದುಳಿದ ಎಂದು ವಿಂಗಡಿಸಿತು, ಮತ್ತು ಆ ಕೊನೆಯ ವರ್ಗದಲ್ಲಿ ನಮ್ಮ ವಿಭಾಗದ ತಾಲ್ಲೂಕುಗಳು ಬಹಳವಾಗಿ ಕಾಣಿಸಿಕೊಂಡುವು. ವರದಿ ಅನ್ಯಾಯವನ್ನು ಅಂಕಿಗಳಲ್ಲಿ ತೋರಿಸಿಕೊಟ್ಟ ಉಪಕಾರದ ಕೆಲಸ. ಮುಂದೆ ಸಂವಿಧಾನಕ್ಕೆ 98ನೆಯ ತಿದ್ದುಪಡಿಯಾಗಿ ಈ ಸೀಮೆಗೆ ವಿಶೇಷ ಅವಕಾಶ ಕೊಡುವ 371(ಜೆ) ವಿಧಿ ಬಂದುದೂ, 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಾದುದೂ ಜನರ ದೀರ್ಘವಾದ ಹೋರಾಟದ ಫಲ. ಅವುಗಳನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ಆದರೆ ಪದ ಮಾತ್ರ ಅಲ್ಲಿಯೇ ಉಳಿದಿದೆ. ಉಳಿ ಎಂಬುದು ಅಕರ್ಮಕ ಧಾತು. ಹಿಂದುಳಿದನು ಎಂದರೆ ತಾನಾಗಿಯೇ ಉಳಿದನು, ಕಾಲು ಸೋತಿತು, ಮನಸ್ಸಿಲ್ಲದಾಯಿತು ಎಂಬ ಧ್ವನಿ ಅದರಲ್ಲಿ ಹೊರಡುತ್ತದೆ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ನೆಲ ತಾನಾಗಿಯೇ ಹಿಂದೆ ಉಳಿಯಿತೆ? ಮಾತೃಭಾಷೆಯಲ್ಲಿ ಓದುವ ಅವಕಾಶ ಸಿಗದ ಮಕ್ಕಳು, ರೈಲು ಬರುವುದನ್ನು ದಶಕಗಳ ಕಾಲ ಕಾದ ಊರುಗಳು, ವೈದ್ಯರಿಲ್ಲದ ಆಸ್ಪತ್ರೆಗಳ ಮುಂದೆ ಕುಳಿತ ಬಾಣಂತಿಯರು ತಾವಾಗಿಯೇ ಉಳಿದವರೆ? ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಕಾಲೇಜಿನ ಹುಡುಗಿಯೊಬ್ಬಳು ಅರ್ಜಿಯ ನಮೂನೆಯನ್ನು ತುಂಬುತ್ತ, ಆ ಪದ ಬಂದಲ್ಲಿ ಪೆನ್ನನ್ನು ತಡೆದು, “ನಾವ್ಯಾಕ್ರೀ ಸರ ಹಿಂದುಳಿದೋರು?” ಎಂದು ನನ್ನನ್ನು ಕೇಳಿದಳು, ಅವಳಿಗೆ ನಾನು ಮಳಖೇಡದ ಹೆಸರನ್ನು ಹೇಳಿದೆ, ಮಹಾವೀರಾಚಾರ್ಯನ ಲೆಕ್ಕವನ್ನು ಅರ್ಜಿಯ ಅಂಚಿನಲ್ಲಿಯೇ ಬರೆದು ತೋರಿಸಿದೆ, ಆದರೆ ಅವಳ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಬೇರೆ ಇದ್ದಾರೆ. ಇನ್ನು ಮುಂದೆ ಇಂತಹ ಪಟ್ಟಿಗಳನ್ನು ಸಿದ್ಧಪಡಿಸುವವರು ‘ಹಿಂದುಳಿದ ತಾಲ್ಲೂಕು’ ಎಂಬಲ್ಲಿ ‘ಹಿಂದೆ ಬಿಟ್ಟ ತಾಲ್ಲೂಕು’ ಎಂದು ಬರೆದು, ಬಿಟ್ಟವರು ಯಾರು, ಯಾವ ವರ್ಷದಲ್ಲಿ, ಯಾವ ಬಾಬಿನಲ್ಲಿ ಎಂಬುದಕ್ಕೆ ಇನ್ನೂ ಮೂರು ಅಂಕಣಗಳನ್ನು ಎಳೆಯಬೇಕೆಂದು ನಾನು ಕೇಳುತ್ತೇನೆ.